ಬೆನ್ನಿನತ್ತ ಬಾಗಿದ ಮೀಸೆ

ಪ್ರಶ್ನೆ: 19ನೆಯ ಶತಮಾನದ ಇಂಗ್ಲಿಷ್ ಕೀಟಶಾಸ್ತ್ರ ಗ್ರಂಥಗಳ ಚಿತ್ರಗಳಲ್ಲಿ ಉದ್ದ ಮೀಸೆಯ ದುಂಬಿಗಳು (ಲಾಂಗ್‌ಹಾರ್ನ್ ಬೀಟಲ್) ಮೀಸೆಗಳನ್ನು ಬೆನ್ನಿನತ್ತ ಬಾಗಿಸಿಕೊಂಡಿರುವುದೇ ಹೆಚ್ಚು. ಅವು ನಿಜಕ್ಕೂ ಹಾಗಿರುತ್ತವೆಯೇ? ಕೆಲವು ಚಿತ್ರಗಳ ಪಕ್ಕದಲ್ಲಿರುವ ಸಣ್ಣ ಗೆರೆ ಏನನ್ನು ಸೂಚಿಸುತ್ತದೆ?

ಉತ್ತರ: ಕೆಲವು ಜಾತಿಯ ದುಂಬಿಗಳು ವಿಶ್ರಮಿಸುವಾಗ ಮೀಸೆಗಳನ್ನು ಹಿಂದಕ್ಕೆ ಇಟ್ಟುಕೊಳ್ಳುವುದುಂಟು. ಆದರೆ ಕೊಂಬೆಯ ಮೇಲೆ ನಡೆಯುವ ದುಂಬಿ ಅವನ್ನು ಮುಂದಕ್ಕೂ ಪಕ್ಕಕ್ಕೂ ಚಾಚಿ, ಮುಟ್ಟಿ ಮೂಸುತ್ತ ಸಾಗುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಚಿತ್ರಕಾರರ ಮುಂದೆ ಸಾಮಾನ್ಯವಾಗಿ ಇರುತ್ತಿದ್ದದ್ದು ಸೂಜಿ ಚುಚ್ಚಿ ಒಣಗಿಸಿದ ಮಾದರಿ. ಹೆಚ್ಚಿನ ಜಾತಿಗಳಲ್ಲಿ 11 ಗೆಣ್ಣುಗಳಿರುವ, ಗಂಡಿನಲ್ಲಿ ಎಷ್ಟೋ ಸಲ ದೇಹಕ್ಕಿಂತ ಉದ್ದವಾಗಿರುವ ಈ ಮೀಸೆ ಒಣಗಿದ ಮೇಲೆ ಸ್ವಲ್ಪ ತಗುಲಿದರೂ ಮುರಿಯುತ್ತದೆ. ಆದ್ದರಿಂದ ಕೀಟದ ಮೈ ಮೆತ್ತಗಿರುವಾಗಲೇ ಅದನ್ನು ಹಿಂದಕ್ಕೆ ಬಾಗಿಸಿ ದೇಹಕ್ಕೆ ಒತ್ತಾಗಿ ಹೊಂದಿಸಿಡುವುದು ಸಂಗ್ರಾಹಕರ ರೂಢಿ. ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದ ಜಾಗ ಪುಟದಲ್ಲಿಯೂ ಉಳಿಯುತ್ತಿತ್ತು.

ಆ ಮೀಸೆಯನ್ನು ಅಚ್ಚಿಗೆ ಇಳಿಸುವುದು ಎಷ್ಟು ಕಷ್ಟವಾಗಿತ್ತೆಂಬುದನ್ನು ನೆನೆದರೆ ಆ ಕುಶಲಿಗಳ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ. ಮರದಚ್ಚಿನಲ್ಲಿ ಶಾಯಿ ಹತ್ತುವುದು ಉಬ್ಬಿದ ಭಾಗಕ್ಕೆ ಮಾತ್ರ. ಹಾಗಾಗಿ ಒಂದು ಕಪ್ಪು ಗೆರೆ ಮೂಡಬೇಕಾದರೆ ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆದು, ಗೆರೆಯಷ್ಟನ್ನೇ ಕೂದಲೆಳೆಯಂಥ ಏಣಾಗಿ ಉಳಿಸಬೇಕು. ಉಳಿ ಒಮ್ಮೆ ಜಾರಿದರೆ ಗೆಣ್ಣೊಂದು ಹೋದಂತೆಯೇ. ಕಲ್ಲಚ್ಚಿನಲ್ಲಿ ಈ ಅಪಾಯವಿರಲಿಲ್ಲ. ಅಲ್ಲಿ ಜಿಡ್ಡಿನ ಬಳಪದಿಂದಲೋ ಶಾಯಿಯಿಂದಲೋ ಕಲ್ಲಿನ ಮೇಲೆ ನೇರವಾಗಿ ಬರೆಯಬಹುದಿತ್ತು, ಮುದ್ರಿಸಿದ ಹಾಳೆಗಳಿಗೆ ಆಮೇಲೆ ಕೈಯಿಂದಲೇ ಬಣ್ಣ ತುಂಬುವುದೂ ಇತ್ತು.

ಇಂಥ ಚಿತ್ರಗಳಿಗೆ ಆ ಕಾಲದಲ್ಲಿ ಅಷ್ಟು ಬೇಡಿಕೆ ಬರಲು ಕಾರಣ, ದೂರದ ಕಾಡುಗಳಿಂದ ಹೊಸ ಜಾತಿಗಳು ಬಂದು ಬೀಳುತ್ತಿದ್ದುದು. 1855ರಲ್ಲಿ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಬೋರ್ನಿಯೋ ದ್ವೀಪದ ಸಿಮುಂಜಾನ್ ಕಲ್ಲಿದ್ದಲು ಗಣಿಯ ಬಳಿ, ಮರ ಕಡಿದು ತೆರವು ಮಾಡಿದ್ದ ನೆಲದಲ್ಲಿ, ಉದ್ದ ಮೀಸೆಯ ದುಂಬಿಗಳಲ್ಲೇ ಸುಮಾರು 300 ಜಾತಿಗಳನ್ನು ಹಿಡಿದರು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ವಿಜ್ಞಾನಕ್ಕೆ ಹೊಸವು. ಮರ ಕಡಿದ ಜಾಗದಲ್ಲಿ ಇಷ್ಟೊಂದು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ: ಈ ದುಂಬಿಗಳಲ್ಲಿ ಬಹಳಷ್ಟು ಮೊಟ್ಟೆಯಿಡುವುದು ಉರುಳಿದ ಅಥವಾ ಸಾಯುತ್ತಿರುವ ಮರದಲ್ಲಿ, ಮರಿಹುಳುಗಳು ಬೆಳೆಯುವುದು ಅದೇ ಮರವನ್ನು ಕೊರೆದು ತಿಂದು. ಮಾದರಿಯನ್ನು ಕಾಣಲಾಗದ ದೂರದ ವಿದ್ವಾಂಸನಿಗೆ ವರ್ಣನೆಯ ಜೊತೆಗೆ ಚಿತ್ರವೇ ಆಧಾರ. ಆದ್ದರಿಂದ ಭಂಗಿ ಕೃತಕವಾದರೂ ಗೆಣ್ಣುಗಳ ಲೆಕ್ಕವಾಗಲಿ, ಅವುಗಳ ಉದ್ದದ ಪ್ರಮಾಣವಾಗಲಿ ತಪ್ಪುವಂತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿ, ಒಳ್ಳೆಯ ಚಿತ್ರದಲ್ಲಿ ಬುಡದ ದಪ್ಪ ಗೆಣ್ಣು, ಅದರಾಚೆಯ ಗುಂಡಿಯಂಥ ಪುಟ್ಟ ಗೆಣ್ಣು, ನಂತರದ ನೀಳ ಗೆಣ್ಣುಗಳು ಬೇರೆಬೇರೆಯಾಗಿ ಎಣಿಕೆಗೆ ಸಿಗುತ್ತವೆ.

ಪಕ್ಕದ ಸಣ್ಣ ಗೆರೆ ದುಂಬಿಯ ನಿಜವಾದ ಉದ್ದ. ಚಿತ್ರವನ್ನು ಹಿಗ್ಗಿಸಿ ಬರೆದಾಗ ಅದನ್ನು ಎಳೆಯುತ್ತಿದ್ದರು. ಗೆರೆಯಿಲ್ಲದಿದ್ದರೆ ಅಕ್ಕಿಕಾಳಿನಷ್ಟಿರುವ ದುಂಬಿಯೂ ಬೆರಳುದ್ದದ ದುಂಬಿಯೂ ಪುಟದ ಮೇಲೆ ಒಂದೇ ಗಾತ್ರದವಾಗಿ ಕಾಣುತ್ತಿದ್ದವು.