ಪಕ್ಕದ ಸೀಟಿನವರು ಸಹಕರಿಸದಿದ್ದರೆ

ಪ್ರಶ್ನೆ: ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಒಂದು ಗ್ರಾಮ ಪಂಚಾಯತು ಕಚೇರಿಯಲ್ಲಿ, ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದು ಪಿಎಸ್‌ಸಿ ನೇಮಕ ಮಾಡುವ ಗುಮಾಸ್ತ ಹುದ್ದೆಯಲ್ಲಿದ್ದೇನೆ. ಪಕ್ಕದ ಸೀಟಿನಲ್ಲಿ ದಕ್ಷಿಣ ಕೇರಳದಿಂದ ಬಂದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಸೀಟಿಗೆ ಕನ್ನಡದ ಅರ್ಜಿ ಬಂದರೆ ಮಾತಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾರೆ. ನನಗೆ ಬೇಕಾದ ಕಟ್ಟಡ ತೆರಿಗೆಯ ವಿವರ ಕೇಳಿದರೆ ವಾರಗಟ್ಟಲೆ ಉತ್ತರ ಕೊಡುವುದಿಲ್ಲ. ಕಾರ್ಯದರ್ಶಿಯವರು ವಿಚಾರಿಸಿದರೆ "ಅದು ಅವರಲ್ಲಿದೆ" ಎಂದು ನನ್ನನ್ನು ತೋರಿಸುತ್ತಾರೆ. ಊರಿನವರು "ನೀವು ನಮ್ಮವರಾಗಿದ್ದೂ ಹೀಗೆ ಮಾಡಬಹುದೇ" ಎಂದು ನನ್ನನ್ನೇ ಕೇಳುತ್ತಾರೆ. ದೂರು ಕೊಟ್ಟರೆ ಅದಕ್ಕೆ ಕನ್ನಡ–ಮಲಯಾಳ ಜಗಳದ ಬಣ್ಣ ಬರುತ್ತದೆಂಬ ಭಯವಿದೆ. ಅವರ ಜೊತೆ ಚಹಾಕ್ಕೆ ಹೋಗುವುದನ್ನೂ ನಿಲ್ಲಿಸಿಬಿಡಲೇ ಎಂದು ಯೋಚಿಸುತ್ತಿದ್ದೇನೆ. ಏನು ಮಾಡಲಿ?
— ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಅವರು ಕನ್ನಡದ ಅರ್ಜಿಗಳನ್ನು ನಿಮ್ಮ ಮೇಲೆ ಹೊರಿಸುತ್ತಾರೆ ಎಂಬುದು ಒಂದು, ತಾವೇ ಕೊಡಬೇಕಾದ ವಿವರವನ್ನು ಕೊಡುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಎಂದು ನೀವು ತೀರ್ಮಾನಿಸಿದ್ದೀರಿ, ನನಗೆ ಹಾಗೆ ತೋರುವುದಿಲ್ಲ. ಓದಲು ಬಾರದ ಲಿಪಿಯ ಕಾಗದವೊಂದು ಮೇಜಿಗೆ ಬಂದಾಗ, ಅದನ್ನು ಬಲ್ಲವರ ಕಡೆಗೆ ಸರಿಸುವವನಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ; ತನಗೆ ಬಾರದು ಎಂದು ದಿನಕ್ಕೆ ನಾಲ್ಕು ಸಲ ಬಾಯಿಬಿಟ್ಟು ಹೇಳುವ ಮುಜುಗರವನ್ನು ತಪ್ಪಿಸಿಕೊಳ್ಳಲು ಅನೇಕರು ಮೌನದ ಮೊರೆ ಹೋಗುತ್ತಾರೆ. ತೆರಿಗೆಯ ವಿವರ ಕೊಡಲು ಮಾತ್ರ ಕನ್ನಡ ಬೇಕಿಲ್ಲ. ಆದ್ದರಿಂದ ಮೊದಲು, ಮಲಯಾಳದಲ್ಲೇ ಇರುವ ಕಡತಗಳನ್ನು ಅವರು ಹೇಗೆ ನಿಭಾಯಿಸುತ್ತಾರೆಂದು ಕೆಲವು ದಿನ ಗಮನಿಸಿ. ಅವೂ ಹಾಗೆಯೇ ಬಿದ್ದಿದ್ದರೆ ಅದು ಎಲ್ಲರಿಗೂ ಆಗುತ್ತಿರುವ ತೊಂದರೆ, ಇತರ ಸೀಟಿನವರೂ ಅದನ್ನು ಹೇಳಬಲ್ಲರು. ಅವು ಸರಾಗವಾಗಿ ಮುಗಿಯುತ್ತಿದ್ದು ನಿಮ್ಮದು ಮಾತ್ರ ನಿಲ್ಲುತ್ತಿದ್ದರೆ, ನಿಮ್ಮಿಬ್ಬರ ನಡುವೆಯೇ ಏನೋ ಇದೆ.

ಇನ್ನು, ಸ್ವಲ್ಪ ಕಟುವಾಗಿ ಕೇಳಿಸಬಹುದಾದ ಮಾತು. ಅವರು ಮೇಜಿನ ಮೇಲಿಟ್ಟು ಹೋದ ಅರ್ಜಿಯನ್ನು ನೀವು ಪ್ರತಿ ಸಲವೂ ಓದಿ, ಅರ್ಥ ಹೇಳಿ, ಬಹುಶಃ ಉತ್ತರವನ್ನೂ ಬರೆದುಕೊಟ್ಟಿದ್ದೀರಿ. ಹೀಗಾಗಿ ಅವರ ಅಸಹಕಾರದಿಂದ ಅವರಿಗೆ ಯಾವ ನಷ್ಟವೂ ಆಗಿಲ್ಲ, ನೀವು ಮಾಡಿದ ಕೆಲಸಕ್ಕೆ ಎಲ್ಲಿಯೂ ದಾಖಲೆಯೂ ಉಳಿದಿಲ್ಲ. ಕೇರಳದ ಕಚೇರಿಗಳಲ್ಲಿ ಟಪಾಲಿಗೆ ಸಂಖ್ಯೆ ಬಿದ್ದು ಅದು ಒಂದು ಸೀಟಿನ ಹೆಸರಿಗೆ ಹೋದ ಮೇಲೆ ಅದರ ಹೊಣೆ ಆ ಸೀಟಿನದು. ಹಿಂದೆ ಪ್ರತಿ ಸೀಟಿನ ಕಾಗದಗಳನ್ನು ಬರೆದಿಡುವ ಪರ್ಸನಲ್ ರಿಜಿಸ್ಟರಿನಲ್ಲಿ ಕಾಣುತ್ತಿದ್ದ ಈ ಲೆಕ್ಕ ಪಂಚಾಯತುಗಳಲ್ಲಿ ಕಂಪ್ಯೂಟರಿನ ಕಡತ ವ್ಯವಸ್ಥೆಗಳಿಗೆ, ಮೊದಲು ಐಎಲ್‌ಜಿಎಂಎಸ್‌ಗೆ, ಈಗ ಕೆ-ಸ್ಮಾರ್ಟ್‌ಗೆ ಬಂದಿದ್ದು, ಕಡತ ಯಾರ ಲಾಗಿನ್‌ನಲ್ಲಿ ಎಷ್ಟು ದಿನದಿಂದ ಕುಳಿತಿದೆ ಎಂಬುದನ್ನು ಯಾರನ್ನೂ ಕೇಳದೆ ತಿಳಿಯಬಹುದು. "ಅದು ಅವರಲ್ಲಿದೆ" ಎಂಬ ಮಾತಿಗೆ ಬೆಲೆ ಬರುತ್ತಿರುವುದು ಕಾಗದ ಕೈಯಿಂದ ಕೈಗೆ ಬರುತ್ತಿರುವುದರಿಂದ ಮಾತ್ರ. ಇನ್ನು ಮುಂದೆ ಹಾಗೆ ಕೈಯಿಂದ ಕೈಗೆ ಬಂದ ಅರ್ಜಿಯನ್ನು ತೆಗೆದುಕೊಳ್ಳಬೇಡಿ. "ಕನ್ನಡ ಅರ್ಜಿಯ ಸಾರಾಂಶಕ್ಕಾಗಿ" ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಕಡತವನ್ನೇ ನಿಮ್ಮ ಲಾಗಿನ್‌ಗೆ ಕಳುಹಿಸುವಂತೆ ಹೇಳಿ, ಸಾರಾಂಶ ಬರೆದು ಸಾಧ್ಯವಾದರೆ ಅದೇ ದಿನ ಹಿಂದಿರುಗಿಸಿ. ನಿಮಗೆ ಬೇಕಾದ ತೆರಿಗೆ ವಿವರವನ್ನೂ ಇದೇ ರೀತಿ, ಯಾವ ದಿನಾಂಕದೊಳಗೆ ಬೇಕೆಂದು ನಮೂದಿಸಿ, ಕಡತದಲ್ಲೇ ಕೇಳಿ.

ಆದರೆ ಒಮ್ಮೆಯೂ ಬಾಯಿಬಿಟ್ಟು ಮಾತನಾಡದೆ ನೇರವಾಗಿ ಟಿಪ್ಪಣಿ ಬರೆಯಲು ಕುಳಿತರೆ ಅದು ಸಮರ ಸಾರಿದಂತಾಗುತ್ತದೆ. ನೀವು ಅವರೊಡನೆ ಈ ವಿಷಯವನ್ನು ನೇರವಾಗಿ ಎತ್ತಿದ್ದೀರೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಜನ ನಿಂತಿರುವ ಕೌಂಟರಿನ ಬಳಿಯಲ್ಲಿ ಎತ್ತಬೇಡಿ. ಶುಕ್ರವಾರ ಮಧ್ಯಾಹ್ನವಂತೂ ಬೇಡ, ತೆಂಕಲಿನ ರೈಲು ಹಿಡಿಯುವ ಗಡಿಬಿಡಿಯಲ್ಲಿರುವವರಿಗೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ವಾರದ ನಡುವೆ, ಇಬ್ಬರೇ ಇರುವಾಗ, ಅವರಿಗೆ ಸಂಪೂರ್ಣವಾಗಿ ತಿಳಿಯುವ ಮಲಯಾಳದಲ್ಲೇ ಹೇಳಿ. ಅದರಿಂದ ಕನ್ನಡಕ್ಕೆ ಕುಂದಾಗುವುದಿಲ್ಲ. "ಸಾರ್, ಕನ್ನಡದ ಅರ್ಜಿ ನಿಮಗೆ ಕಷ್ಟವೆಂದು ನನಗೆ ಗೊತ್ತು. ಸಾರಾಂಶ ನಾನು ಬರೆದುಕೊಡುತ್ತೇನೆ, ಕಡತ ಮಾತ್ರ ನಿಮ್ಮ ಸೀಟಿನಲ್ಲೇ ಮುಗಿಯಬೇಕು. ಕಳೆದ ತಿಂಗಳು ಕೇಳಿದ ತೆರಿಗೆ ವಿವರ ಬಾರದ್ದರಿಂದ ಇಂಥ ಎರಡು ಕಡತ ನಿಂತಿವೆ, ಆ ವಿವರವನ್ನು ಎಂದು ಕೊಡುವಿರಿ?" ಇಷ್ಟು ಸಾಕು. ಅವರ ಸ್ವಭಾವ, ಊರು, ಹಿಂದಿನ ಲೆಕ್ಕ ಯಾವುದನ್ನೂ ಇದರೊಳಗೆ ತರಬೇಡಿ. ನಿವೇಶನ, ವಾಸ್ತವ್ಯ, ಜನನ ನೋಂದಣಿ, ಮನೆ ತೆರಿಗೆ, ಪಿಂಚಣಿ ಮುಂತಾಗಿ ಅರ್ಜಿಗಳ ತಲೆಬರಹದಲ್ಲಿ ಬರುವ ಇಪ್ಪತ್ತು ಮೂವತ್ತು ಪದಗಳನ್ನು ಮಲಯಾಳ ಅರ್ಥದೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ, ಅರ್ಜಿ ಯಾವ ವಿಷಯದ್ದೆಂದು ಅವರೇ ಗುರುತಿಸಬಲ್ಲರು. ಅದನ್ನು ಅವರು ತೆಗೆದುಕೊಳ್ಳುತ್ತಾರೋ ಪಕ್ಕಕ್ಕಿಡುತ್ತಾರೋ ಎಂಬುದರಿಂದಲೂ ಅವರು ಭಾಷೆ ಬಾರದೆ ಸುಮ್ಮನಿದ್ದವರೋ, ಬೇಕೆಂದೇ ಮಾಡದವರೋ ಎಂದು ನಿಮಗೆ ತಿಳಿಯುತ್ತದೆ.

ಭಾಷೆಯ ಜಗಳವಾಗುವ ಭಯ ನಿಮ್ಮದಷ್ಟೇ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಮ್ಮಲ್ಲಿ ಕಚೇರಿಯ ಎಷ್ಟೋ ಸಣ್ಣ ಕಿರಿಕಿರಿಗಳಿಗೆ ಈ ಬಣ್ಣ ಬಂದಿದೆ, ಕೆಲವೊಮ್ಮೆ ನ್ಯಾಯವಾಗಿಯೇ ಬಂದಿದೆ. ನಿಮ್ಮ ಸಂದರ್ಭದಲ್ಲಿ ಕಾನೂನು ನಿಮಗೆ ಬೇರೆ ದಾರಿ ತೋರಿಸುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಇದು ಕಚೇರಿಯ ಮೇಲಿರುವ ಕರ್ತವ್ಯ. ಪಕ್ಕದ ಸೀಟಿನವರು ನಿಮಗಾಗಲಿ, ನೀವು ಅವರಿಗಾಗಲಿ ಮಾಡುವ ಉಪಕಾರವಲ್ಲ. ಹಾಗಾಗಿ ಕಾರ್ಯದರ್ಶಿಯವರ ಬಳಿ ಹೋಗುವಾಗ "ಇವರು ಸಹಕರಿಸುವುದಿಲ್ಲ" ಎಂಬ ದೂರಿನೊಂದಿಗೆ ಹೋಗದೆ, ಕನ್ನಡದ ಅರ್ಜಿಗಳು ಯಾವ ಕ್ರಮದಲ್ಲಿ ಸಾಗಬೇಕು, ಸಾರಾಂಶಕ್ಕೆ ಎಷ್ಟು ದಿನ, ಕನ್ನಡದ ಉತ್ತರವನ್ನು ಸಿದ್ಧಪಡಿಸುವವರು ಯಾರು, ಅದಕ್ಕೆ ಬದಲಾಗಿ ನಿಮ್ಮ ಸೀಟಿನಿಂದ ಯಾವ ಕೆಲಸ ಇಳಿಯಬೇಕು ಎಂಬುದನ್ನು ಲಿಖಿತವಾಗಿ ಮುಂದಿಟ್ಟು, ಕೆಲಸ ಹಂಚಿಕೆಯ ಆದೇಶದಲ್ಲಿ ಸೇರಿಸುವಂತೆ ಕೋರಿ. ಕೊನೆಯ ಅಂಶವನ್ನು ಸಂಕೋಚಪಟ್ಟು ಬಿಡಬೇಡಿ: ಎರಡು ಭಾಷೆ ಬಲ್ಲವರೆಂದು ನಿಮ್ಮನ್ನು ನೇಮಿಸಿದ್ದು ನಿಜ, ಆದರೆ ಎರಡು ಸೀಟಿನ ಕೆಲಸಕ್ಕೆ ನೇಮಿಸಿದ್ದಲ್ಲ.

ಕಾರ್ಯದರ್ಶಿಯವರು ಇದನ್ನು ತಳ್ಳಿಹಾಕುವುದು ಸುಲಭವಲ್ಲ. 2012ರ ಸೇವಾ ಹಕ್ಕು ಕಾಯ್ದೆಯಡಿ ಸೇವೆ ತಡವಾದರೆ ಅರ್ಜಿದಾರರು ಮೇಲ್ಮನವಿ ಸಲ್ಲಿಸಬಹುದು, ಸರಿಯಾದ ಕಾರಣವಿಲ್ಲದ ವಿಳಂಬಕ್ಕೆ ಗೊತ್ತುಪಡಿಸಿದ ಅಧಿಕಾರಿಗೆ ದಂಡವನ್ನೂ ವಿಧಿಸಬಹುದು. ಪಂಚಾಯತಿನ ಬಹುತೇಕ ಸೇವೆಗಳಲ್ಲಿ ಆ ಅಧಿಕಾರಿ ಕಾರ್ಯದರ್ಶಿಯೇ. ಊರಿನವರು ನಿಮ್ಮನ್ನು ಪ್ರಶ್ನಿಸಿದಾಗಲೂ ಸಹೋದ್ಯೋಗಿಯ ಹೆಸರೆತ್ತದೆ, ಅರ್ಜಿಯ ಸಂಖ್ಯೆ, ಅದು ಇರುವ ಸೀಟು ಮತ್ತು ಮೇಲ್ಮನವಿಯ ಅವಕಾಶವನ್ನು ತಿಳಿಸಿದರೆ ಸಾಕು. ಇಷ್ಟಾದ ಮೇಲೂ ಟಿಪ್ಪಣಿಗಳಿಗೆ ಉತ್ತರ ಬಾರದೆ ಹೋದರೆ, ಆ ಟಿಪ್ಪಣಿಗಳ ದಿನಾಂಕಗಳನ್ನೇ ಪಟ್ಟಿ ಮಾಡಿ ಕಾರ್ಯದರ್ಶಿಯವರಿಗೆ ಕೊಡಿ. ಆಗ ನಿಮ್ಮ ದೂರಿನಲ್ಲಿ ಭಾಷೆಯ ಪ್ರಸ್ತಾಪವೇ ಬೇಕಾಗುವುದಿಲ್ಲ.

ಚಹಾದ ವಿಷಯಕ್ಕೆ ಬಂದರೆ, ಹೋಗುವುದನ್ನು ನಿಲ್ಲಿಸಬೇಡಿ. ಕಡತದಲ್ಲಿ ಖಡಾಖಂಡಿತವಾಗಿ ಬರೆದ ದಿನವೂ ಕರೆಯಿರಿ. ಅವರು ಬಾರದಿದ್ದರೆ ಉಳಿದವರ ಜೊತೆ ಕುಡಿದು ಬನ್ನಿ.