ಮುಂಬೈ ನೋಡಿದವರು ಶಾಂಘೈನ ಬ್ರಿಟಿಷ್ ಕಟ್ಟಡಗಳನ್ನೂ ನೋಡಬೇಕಾ?

ಆಫೀಸ್ ಕೆಲಸದ ಮೇಲೆ ಶಾಂಘೈಗೆ ಹೊರಟಿದ್ದೀರಿ, ಒಂದೇ ದಿನ ಬಿಡುವು, ಬ್ರಿಟಿಷರ ಕಾಲದ ಕಟ್ಟಡ ಮುಂಬೈಯಲ್ಲೇ ಬೇಕಾದಷ್ಟು ನೋಡಿದ್ದೀನಿ, ಮತ್ತೆ ಯಾಕೆ ಅಂತ ಕೇಳಿದ್ದೀರಿ. ಮುಂಬೈ ನೋಡಿದ್ದೀರಿ ಅನ್ನೋದಕ್ಕೇ ಇದನ್ನೂ ನೋಡಿ ಅಂತೀನಿ. ಎರಡಕ್ಕೂ ನಂಟಿದೆ.

ಹುವಾಂಗ್‌ಪು ನದಿ ದಡದಲ್ಲಿ ಹಳೇ ಕಟ್ಟಡಗಳು ಸಾಲಾಗಿ ನಿಂತಿರುವ ಬಂಡ್ ಅನ್ನೋ ರಸ್ತೆಯಿಂದ ಶುರು ಮಾಡಿ. ಎಲ್ಲರೂ ಸಂಜೆ ದೀಪ ನೋಡಲು ಹೋಗುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ಬೇಗ ಹೋದರೆ ತೈಚಿ ಮಾಡುವ ಅಜ್ಜ ಅಜ್ಜಿಯರು ಬಿಟ್ಟರೆ ಜಾಸ್ತಿ ಜನ ಇರುವುದಿಲ್ಲ. ಅಲ್ಲಿ ಹಸಿರು ಬಣ್ಣದ ಚೂಪು ಚಾವಣಿ ಕಾಣುತ್ತದೆ. ಅದೇ ಪೀಸ್ ಹೋಟೆಲ್. 1929ರಲ್ಲಿ ಕಟ್ಟಿಸಿದ್ದು ವಿಕ್ಟರ್ ಸಸೂನ್. ಮುಂಬೈಯ ಸಸೂನ್ ಡಾಕ್ ಇದೆಯಲ್ಲ, ಅದೇ ಮನೆತನ. ಅಫೀಮು, ಹತ್ತಿ ವ್ಯಾಪಾರದಲ್ಲಿ ದುಡ್ಡು ಮಾಡಿದವರು. ಅಫೀಮು ವ್ಯಾಪಾರದ ಜಗಳಕ್ಕೆ ಬ್ರಿಟಿಷರ ಜೊತೆ ನಡೆದ ಅಫೀಮು ಯುದ್ಧದಲ್ಲಿ ಸೋತು 1842ರ ಒಪ್ಪಂದದ ಪ್ರಕಾರ ಚೀನಾ ಈ ಬಂದರನ್ನು ಬ್ರಿಟಿಷರಿಗೆ ತೆರೆಯಬೇಕಾಯಿತು. ಆ ಅಫೀಮು ಬೆಳೆದದ್ದು ನಮ್ಮ ಬಿಹಾರ, ಮಾಳ್ವದ ಕಡೆಯ ಹೊಲಗಳಲ್ಲಿ!

ಸ್ವಲ್ಪ ಮುಂದೆ 1923ರ ಹಳೇ ಎಚ್‌ಎಸ್‌ಬಿಸಿ ಕಟ್ಟಡ. ಈಗ ಬೇರೆ ಬ್ಯಾಂಕಿನದು. ಬ್ಯಾಂಕ್ ತೆರೆದಿರುವ ಹೊತ್ತಲ್ಲಿ ಒಳಗೆ ಹೋಗಿ ತಲೆ ಎತ್ತಿ ನೋಡಿ. ಎಂಟು ಮೂಲೆಯ ಹಜಾರ, ಮೇಲೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಎಂಟು ನಗರಗಳ ಚಿತ್ರ. ಲಂಡನ್, ಪ್ಯಾರಿಸ್ ಜೊತೆ ಕಲ್ಕತ್ತಾನೂ ಇದೆ. ಇದನ್ನೆಲ್ಲ ಬಹಳ ವರ್ಷ ಮುಚ್ಚಿಬಿಟ್ಟಿದ್ದರು. 1997ರಲ್ಲಿ ರಿಪೇರಿ ಮಾಡುವಾಗ ಮತ್ತೆ ಬೆಳಕಿಗೆ ಬಂತು. ನಾನು ಕತ್ತು ನೋಯುವವರೆಗೂ ನೋಡುತ್ತಾ ನಿಂತಿದ್ದೆ.

ಪಕ್ಕದ ನಾನ್‌ಜಿಂಗ್ ರಸ್ತೆ ಈಗ ಬರೀ ಶಾಪಿಂಗ್. ಆದರೆ 1925ರ ಮೇ 30ರಂದು ಇಲ್ಲೇ ಪ್ರತಿಭಟನೆಗೆ ಬಂದ ಚೀನೀಯರ ಮೇಲೆ ಬ್ರಿಟಿಷ್ ಅಧಿಕಾರಿ ಗುಂಡು ಹಾರಿಸಲು ಹೇಳಿದ. ಹಾರಿಸಿದ ಪೊಲೀಸರಲ್ಲಿ ಭಾರತದಿಂದ ಕರೆಸಿಕೊಂಡಿದ್ದ ಸಿಖ್ಖರೂ ಇದ್ದರು. ನಾವು ಬ್ರಿಟಿಷರ ಕೈಯಲ್ಲಿ ನರಳಿದವರು ಅಂತಷ್ಟೇ ಅಂದುಕೊಂಡಿರುತ್ತೀವಿ, ಅಲ್ವಾ? ಇಲ್ಲಿಯವರ ಕಣ್ಣಿಗೆ ನಾವು ಇನ್ನೊಂದು ಕಡೆ ನಿಂತವರು.

ಮಧ್ಯಾಹ್ನ ಮೆಟ್ರೋ ಹತ್ತಿ ಫ್ರೆಂಚರಿದ್ದ ಭಾಗಕ್ಕೆ ಹೋಗಿ. ವೂಕಾಂಗ್ ರಸ್ತೆಯ ಮೂಲೆಯಲ್ಲಿ ಹಡಗಿನ ಮೂತಿಯ ಹಾಗಿರುವ ಅಪಾರ್ಟ್‌ಮೆಂಟಿನ ಮುಂದೆ ಫೋಟೋದವರ ಜಾತ್ರೆ. ಸುಮ್ನೆ ಒಂದು ಫೋಟೋ ತೆಗೆದು ಒಳಗಿನ ಗಲ್ಲಿಗಳಿಗೆ ನುಗ್ಗಿ. ಕಲ್ಲಿನ ಬಾಗಿಲುವಾಡ, ಗಳದ ಮೇಲೆ ಒಣಗುವ ಬಟ್ಟೆ, ಜಗಲಿಯಲ್ಲಿ ಸೊಪ್ಪು ಬಿಡಿಸುವವರು. ನನಗೆ ಇದೇ ಹೆಚ್ಚು ಇಷ್ಟವಾಯಿತು.

ದುಬಾರಿ ದೋಣಿ ವಿಹಾರ ಬೇಡ. ಜನ ಕೆಲಸಕ್ಕೆ ಓಡಾಡುವ ಫೆರ್ರಿ ಎರಡು ಯುವಾನ್‌ಗೆ ನದಿ ದಾಟಿಸುತ್ತದೆ. ಹೊರಡುವ ಮೊದಲೇ ಫೋನಿನಲ್ಲಿ ಹಣ ಕೊಡುವ ಅಲಿಪೇ ಆ್ಯಪ್ ಹಾಕಿ ಕಾರ್ಡ್ ಜೋಡಿಸಿಕೊಳ್ಳಿ. ಗೂಗಲ್ ಮ್ಯಾಪ್ ನಂಬಬೇಡಿ. ಸಸ್ಯಾಹಾರಿಯಾದರೆ ಮಾಂಸ ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿಕೊಂಡು ತೋರಿಸಿ. ತರಕಾರಿ ಪಲ್ಯದಲ್ಲೂ ಹಂದಿಮಾಂಸದ ಚೂರು ಇರಬಹುದು.