ಮುಳ್ಳು ಕೀಳುವ ಮೊದಲು ಓಡೋಮೀಟರ್ ನೋಡಿ

ಸರ್, ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಗೇರು) ಬದಲಾಯಿಸಿ ರೇಡಿಯಲ್ ಟೈರ್ ಹಾಕಿಸಿದ ಮೇಲೆ ಜಿಪಿಎಸ್ ಗಂಟೆಗೆ 40 ಮೈಲಿ ಅಂದಾಗ ನಿಮ್ಮ ಹಳೇ ಸ್ಪೀಡೋಮೀಟರ್ 45 ತೋರಿಸುತ್ತೆ, 60 ಅಂದಾಗ 67-68 ತೋರಿಸುತ್ತೆ. ಮುಳ್ಳು ಕಿತ್ತು ಐದು ಮೈಲಿ ಹಿಂದಕ್ಕೆ ಕೂರಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಮುಳ್ಳು ಮುಟ್ಟಬೇಡಿ. ಐದು ಮೈಲಿ ಸರಿಸಿದರೆ 40ಕ್ಕೆ ಸರಿ ಬರುತ್ತೆ, ಆದರೆ 20ರಲ್ಲಿ ಹೋಗುವಾಗ ಹದಿನೇಳೂವರೆ ತೋರಿಸುತ್ತೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಮೀಟರ್ ಅಪಾಯ. ಹೊಸ ಗಾಡಿಗಳಿಗಿರುವ ವಿಶ್ವಸಂಸ್ಥೆಯ 39ನೇ ನಿಯಮ ಕೂಡ ಸ್ವಲ್ಪ ಹೆಚ್ಚು ತೋರಿಸಲು ಬಿಡುತ್ತೆ, ಕಡಿಮೆ ತೋರಿಸಲು ಬಿಡಲ್ಲ.

ಮೊದಲು ಓಡೋಮೀಟರ್, ಅಂದರೆ ಗಾಡಿ ಓಡಿದ ಮೈಲಿ ಎಣಿಸುವ ಭಾಗ, ನೋಡಿ. ಗಾಡಿಯ ಗೇರ್‌ಬಾಕ್ಸ್‌ನಿಂದ ಮೀಟರ್‌ಗೆ ಬರುವ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತೆ. ಮೈಲಿ ಎಣಿಸುವ ಭಾಗಕ್ಕೆ ಅದು ಬರೀ ಹಲ್ಲಿನ ಚಕ್ರಗಳ ಮೂಲಕ ಹೋಗುತ್ತೆ, ಅಲ್ಲಿ ಹೆಚ್ಚುಕಡಿಮೆ ಆಗುವ ಪ್ರಶ್ನೆಯೇ ಇಲ್ಲ. ಮುಳ್ಳಿನ ಕಡೆ ಹಾಗಲ್ಲ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತೆ. ಅದಕ್ಕೆ ತಾಗದ ಹಾಗೆ, ಮುಳ್ಳಿಗೆ ಸೇರಿದ ಒಂದು ಅಲ್ಯೂಮಿನಿಯಂ ಬಟ್ಟಲು ಕೂತಿರುತ್ತೆ. ಅಯಸ್ಕಾಂತ ತಿರುಗುವಾಗ ಬಟ್ಟಲಲ್ಲಿ ಸುಳಿ ವಿದ್ಯುತ್ (ಲೋಹದೊಳಗೇ ಸುತ್ತುವ ಕರೆಂಟು) ಹುಟ್ಟಿ ಅದನ್ನು ಒಂದು ಕಡೆ ಎಳೆಯುತ್ತೆ, ಹೇರ್‌ಸ್ಪ್ರಿಂಗ್ ಅನ್ನುವ ತೆಳು ಸುರುಳಿ ಸ್ಪ್ರಿಂಗ್ ಇನ್ನೊಂದು ಕಡೆ ಎಳೆಯುತ್ತೆ. ಆ ಜಗ್ಗಾಟ ಎಲ್ಲಿ ಸಮ ಆಗುತ್ತೋ ಅಲ್ಲಿ ಮುಳ್ಳು ನಿಲ್ಲುತ್ತೆ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್‌ಗೆ ಹಾಕಿದ ಉಪಾಯ ಇದು, ಇವತ್ತಿಗೂ ನನಗೆ ಬೆರಗು.

ಅಂದಮೇಲೆ, ಜಿಪಿಎಸ್ ಪ್ರಕಾರ 10 ಮೈಲಿ ಓಡಿಸಿ. ಓಡೋಮೀಟರ್ ಸರಿಯಾಗಿ 10 ತೋರಿಸಿ ಮುಳ್ಳು ಮಾತ್ರ ತಪ್ಪಿದ್ದರೆ ಕಾಯಿಲೆ ಮೀಟರ್ ಒಳಗಿದೆ. ಓಡೋಮೀಟರೂ ಹನ್ನೊಂದೂಕಾಲು ತೋರಿಸಿದರೆ ಮೀಟರ್ ಆರೋಗ್ಯವಾಗಿದೆ, ಕೇಬಲ್ಲೇ ಹೆಚ್ಚು ಸುತ್ತುತ್ತಿದೆ. ನಿಮ್ಮ ಅಂಕಿ ನೋಡಿದರೆ ಎರಡನೆಯದೇ ಅನಿಸುತ್ತೆ, ಯಾಕಂದ್ರೆ ತಪ್ಪು ವೇಗದ ಜೊತೆಗೇ ಬೆಳೆಯುತ್ತಿದೆ.

ಡಯಲ್‌ನ ಕೆಳಗೆ ಸಣ್ಣದಾಗಿ 1000 ಅಂತ ಇದೆ ಅಂದಿರಲ್ಲ, ಅದು ಮೈಲಿಗೆ ಕೇಬಲ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ. ನಿಮ್ಮ ಗಾಡಿ ಈಗ ಎಷ್ಟು ಸುತ್ತಿಸುತ್ತಿದೆ ಅಂತ ಅಳೆಯಿರಿ. ಟೈರಿನ ಗಾಳಿ ಸರಿಮಾಡಿ, ಮೀಟರ್ ಹಿಂದಿನಿಂದ ಕೇಬಲ್ ಬಿಚ್ಚಿ, ಒಳತಂತಿಯ ತುದಿಗೆ ರಟ್ಟಿನ ಚೂರೊಂದನ್ನು ಚುಚ್ಚಿ ಮುಳ್ಳಿನ ಹಾಗೆ ನಿಲ್ಲಿಸಿ. ಸಮತಟ್ಟಾದ ನೆಲದಲ್ಲಿ 16 ಮೀಟರ್ 9 ಸೆಂಟಿಮೀಟರ್ ಗುರುತು ಹಾಕಿ. ಅದು ಮೈಲಿಯ ನೂರನೇ ಒಂದು ಪಾಲು. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಇಬ್ಬರು ನಿಧಾನವಾಗಿ ತಳ್ಳಲಿ, ನೀವು ರಟ್ಟು ಎಷ್ಟು ಸುತ್ತಿತು ಎಣಿಸಿ, ಕಾಲು ಸುತ್ತನ್ನೂ ಬಿಡಬೇಡಿ. ಹನ್ನೊಂದೂಕಾಲು ಬಂದರೆ ಮೈಲಿಗೆ 1125. ಒಂದೇ ಚಕ್ರಕ್ಕೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿ ಎಣಿಸಬೇಡಿ. ಡಿಫರೆನ್ಷಿಯಲ್‌ನಿಂದಾಗಿ ಲೆಕ್ಕ ಅರ್ಧಕ್ಕಿಳಿಯುತ್ತೆ.

1125 ಸುತ್ತನ್ನು 1000ಕ್ಕೆ ಇಳಿಸಬೇಕು ಅಂದರೆ 9 ಸುತ್ತು ಒಳಗೆ ಹೋಗಿ 8 ಹೊರಗೆ ಬರಬೇಕು. ಕೇಬಲ್ ನಡುವೆ ಕೂರುವ ಸಣ್ಣ ರೇಷಿಯೋ ಗೇರ್‌ಬಾಕ್ಸ್ ಇದೇ ಕೆಲಸಕ್ಕೆ ಇರುವುದು. ಮುಳ್ಳು, ಓಡೋಮೀಟರ್ ಎರಡೂ ಒಟ್ಟಿಗೆ ಸರಿಯಾಗುತ್ತವೆ, ಹಳೇ ಮೀಟರ್ ಬಿಚ್ಚುವ ಗೋಜೇ ಇಲ್ಲ. ಮಾಡಿಸುವಾಗ ಎಣಿಸಿದ ಅಂಕಿ ಕೊಡಿ, ಎರಡೂ ತುದಿ ಒಂದೇ ದಿಕ್ಕಿಗೆ ತಿರುಗಬೇಕು ಅಂತಲೂ ಹೇಳಿ. ಕೇಬಲ್‌ನ, ಗಾಡಿಯ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಜಾಗವಿದ್ದರೆ ಅಲ್ಲೇ ಹಾಕಿಸಿ. ಡ್ಯಾಶ್‌ಬೋರ್ಡ್ ಹಿಂದೆ ತುರುಕಿದರೆ ಕೇಬಲ್ ತುಂಬಾ ಬಾಗಿ ಮುಳ್ಳು ನಡುಗಲು ಶುರುವಾಗುತ್ತೆ.

ಮೀಟರ್ ಒಳಗೇ ದೋಷ ಅಂತ ಗೊತ್ತಾದರೆ ಮಾತ್ರ ಬಿಚ್ಚಿ. ಮೊದಲು ಓಡೋಮೀಟರ್ ಅಂಕಿಯ ಫೋಟೋ ತೆಗೆದಿಡಿ, ಮುಂದೆ ಗಾಡಿ ಮಾರಿದರೆ ಕೊಳ್ಳುವವರಿಗೆ ತೋರಿಸಬೇಕಾಗುತ್ತೆ. ಮುಳ್ಳು ಕೀಳುವ ಮುಂಚೆ ಅದನ್ನು ಮೆಲ್ಲಗೆ ಎತ್ತಿ ತಡೆಕಡ್ಡಿಯ (ಸೊನ್ನೆಯ ಹತ್ತಿರ ಮುಳ್ಳನ್ನು ತಡೆದು ನಿಲ್ಲಿಸುವ ಪುಟ್ಟ ಕಡ್ಡಿ) ಆಚೆ ದಾಟಿಸಿ ಬಿಡಿ. ಸೊನ್ನೆಗಿಂತ ಸ್ವಲ್ಪ ಕೆಳಗೆ ಹೋಗಿ ತಾನಾಗಿ ನಿಲ್ಲುತ್ತೆ. ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಸ್ಪ್ರಿಂಗ್‌ನ ನಿಜವಾದ ವಿಶ್ರಾಂತಿಯ ಜಾಗ ಅದು. ನಾನು ಮೊದಲ ಸಲ ಈ ಗುರುತು ಹಾಕಿಕೊಂಡಿರಲಿಲ್ಲ, ಮುಳ್ಳನ್ನು ಮತ್ತೆ ಕೂರಿಸಲು ಅರ್ಧ ದಿನ ಹಿಡಿಯಿತು. ಡಯಲ್ ಮೇಲೆ ಕಾಗದ ಹಾಸಿ ಎರಡು ಚಮಚಗಳಿಂದ ಎರಡೂ ಕಡೆ ಸಮನಾಗಿ ಎತ್ತಿದರೆ ಮುಳ್ಳು ಬರುತ್ತೆ. ಡಯಲ್‌ನ ಅಂಕಿಗಳನ್ನು ಒರೆಸಬೇಡಿ, ಹಳೇ ಬಣ್ಣ ಬಟ್ಟೆಗೇ ಬಂದುಬಿಡುತ್ತೆ.

ಒಳಗೆ ಬಹಳ ಸಲ ಸಿಗುವುದು ಗ್ರೀಸು. ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅದು ಸೇರಿದರೆ ಮುಳ್ಳು ಒಮ್ಮೆಲೇ ಕೊನೆಗೆ ಹಾರುತ್ತೆ. ಒಳತಂತಿಯ ಸುರುಳಿ ಹಿಡಿದುಕೊಂಡೇ ಅದು ಮೇಲೆ ಏರುವುದು. ಅದಕ್ಕೇ ಕೇಬಲ್‌ಗೆ ಗ್ರೀಸು ತೆಳ್ಳಗೆ ಸವರಿ, ಮೀಟರ್ ಕಡೆಯ 15 ಸೆಂಟಿಮೀಟರ್ ಒಣಗಿರಲಿ. ಸ್ವಚ್ಛ ಮಾಡಿದ ಮೇಲೂ ಎಲ್ಲ ವೇಗದಲ್ಲೂ ಕಡಿಮೆ ತೋರಿಸಿದರೆ ಅಯಸ್ಕಾಂತ ಸೊರಗಿದೆ ಅಂತ ಲೆಕ್ಕ, ಅದಕ್ಕೆ ಮತ್ತೆ ಶಕ್ತಿ ತುಂಬಲು ಮೀಟರ್ ರಿಪೇರಿಯವರ ಹತ್ತಿರವೇ ಹೋಗಬೇಕು. ಹೇರ್‌ಸ್ಪ್ರಿಂಗ್ ಬಗ್ಗಿಸಿ ಸರಿಮಾಡಲು ಹೋಗಬೇಡಿ.

ಜೋಡಿಸಿದ ಮೇಲೆ ಡ್ರಿಲ್‌ನಿಂದ ತಿರುಗಿಸಿ ನೋಡಿ. ನಿಮ್ಮ ಮೀಟರ್‌ಗೆ ನಿಮಿಷಕ್ಕೆ 500 ಸುತ್ತು ಕೊಟ್ಟರೆ 30 ಮೈಲಿ, 1000 ಕೊಟ್ಟರೆ 60 ಬರಬೇಕು. ಡ್ರಿಲ್ ಹಾಕುವ ಮೊದಲು ಬೆರಳಲ್ಲೇ ತಿರುಗಿಸಿ ದಿಕ್ಕು ಖಚಿತಪಡಿಸಿಕೊಳ್ಳಿ. ಉಲ್ಟಾ ತಿರುಗಿದರೆ ಮುಳ್ಳು ತಡೆಕಡ್ಡಿಗೆ ಒತ್ತುತ್ತೆ. ತಳ್ಳಿ ಎಣಿಸಿದ ಅಂಕಿ ಇಲ್ಲೇ ಹಾಕಿ, ರೇಷಿಯೋ ನಾನೂ ಒಮ್ಮೆ ಲೆಕ್ಕ ಹಾಕಿ ನೋಡುತ್ತೇನೆ.